ಟಿಕೀಟು ಕೊಂಡದ್ದು ಕುರ್ಚಿಯನ್ನು, ನಾಲಗೆಯನ್ನಲ್ಲ

(ಗಿರಣಿ ಕಾರ್ಮಿಕರೂ ಚಿಲ್ಲರೆ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ಮುಂದೆ ಒಂದು ಠರಾವು ಬಂದಿದೆ. ಜಾತ್ರೆಗೆ ಬಂದು ಡೇರೆ ಹಾಕಿರುವ ನಾಟಕ ಕಂಪನಿಯವರು ಕ್ಷಮೆ ಕೇಳಬೇಕು. ಕೇಳದಿದ್ದರೆ ಅವರ ಆಟಕ್ಕೆ ಕಾರ್ಮಿಕರಾಗಲಿ ವರ್ತಕರಾಗಲಿ ಹೋಗಕೂಡದು. ಬರುವ ವರ್ಷ ಅವರಿಗೆ ಜಾಗವನ್ನೇ ಕೊಡಬಾರದೆಂದು ಪುರಸಭೆಯನ್ನು ಒತ್ತಾಯಿಸಬೇಕು. ಇದು ಠರಾವಿನ ಸಾರಾಂಶ. ಇದರ ಮೇಲೆ ಮಾತನಾಡಲು ಅಧ್ಯಕ್ಷರು ನಮಗೆ ಅಪ್ಪಣೆ ಕೊಟ್ಟಿದ್ದಾರೆ. ಮೊದಲಿಗೇ ಹೇಳಿಬಿಡುತ್ತೇವೆ: ನಾವು ಇದನ್ನು ವಿರೋಧಿಸಲು ನಿಂತಿದ್ದೇವೆ. ಸಿಟ್ಟಾಗಬೇಡಿರಿ. ಪೂರಾ ಕೇಳಿರಿ, ಆಮೇಲೆ ಕೈ ಎತ್ತಿರಿ.

ನಡೆದದ್ದು ಇಷ್ಟು. ಹೋದ ಶನಿವಾರ ರಾತ್ರಿಯ ಆಟ. ಡೇರೆ ತುಂಬಿತ್ತು. ನಾವೂ ಮೂರನೆಯ ಸಾಲಿನಲ್ಲಿ ಕೂತಿದ್ದೆವು. ನಾಟಕದ ನಡುವೆ ಹಾಸ್ಯಪಾತ್ರದವನು ಬಂದ. ಕಂಪನಿ ನಾಟಕದಲ್ಲಿ ಹಾಸ್ಯದವನಿಗೆ ಬರೆದುಕೊಟ್ಟ ಮಾತು ಅರ್ಧ, ಊರಿಗೆ ಬಂದು ಹೆಕ್ಕಿಕೊಂಡ ಮಾತು ಅರ್ಧ ಎಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಆತ ಮೊದಲು ಶಾಸಕರನ್ನು ಹಿಡಿದ. ನಾವು ಬಿದ್ದು ಬಿದ್ದು ನಕ್ಕೆವು. ಮಂತ್ರಿಗಳನ್ನು ಹಿಡಿದ, ಸೀಟಿ ಹೊಡೆದೆವು. ಗಿರಣಿಯ ಮಾಲಿಕರನ್ನು ಹಿಡಿದ; ವನ್ಸ್ ಮೋರ್ ಎಂದು ಕೂಗಿದೆವು. ಆಮೇಲೆ ನಮ್ಮ ಕಡೆಗೇ ತಿರುಗಿದ. ಕಾರ್ಮಿಕ ಸಂಘದ ಚಂದಾ ಪೆಟ್ಟಿಗೆಗೆ ಬಾಯಿ ಇದೆ, ಹೊಟ್ಟೆ ಇದೆ, ತಳ ಮಾತ್ರ ಇದುವರೆಗೆ ಯಾರೂ ಕಂಡಿಲ್ಲ ಎಂದ. ಪೇಟೆಯ ತಕ್ಕಡಿಗೂ ಮಂತ್ರಿಯ ಮಾತಿಗೂ ಒಂದೇ ಗುಣ, ಗಿರಾಕಿ ನೋಡುತ್ತಿದ್ದರೆ ಒಂದು, ನೋಡದಿದ್ದರೆ ಇನ್ನೊಂದು ಎಂದ. ಕೊನೆಗೆ ನಗೆ ಬಿಟ್ಟು ನೆಟ್ಟಗೆ ನಿಂತು, ಪುರಸಭೆಯ ಚುನಾವಣೆಗೆ ಇವರಿಬ್ಬರೂ ಮತ ಕೇಳಲು ಬಂದಾಗ ಲೆಕ್ಕ ಕೇಳಿ ಮತ ಹಾಕಿರಿ ಎಂದುಬಿಟ್ಟ.

ಆಗ ಎದ್ದಿತು ಗದ್ದಲ. ‘ರೊಕ್ಕ ಕೊಟ್ಟು ಬಂದದ್ದು ನಗಲಿಕ್ಕೆ, ನಿನ್ನ ರಾಜಕಾರಣ ಕೇಳಲಿಕ್ಕಲ್ಲ’ ಎಂದು ಒಬ್ಬರು ಕೂಗಿದರು. ಕುರ್ಚಿಗಳನ್ನು ಬಡಿದರು. ಟಿಕೀಟಿನ ಕಿಟಕಿಯ ಮುಂದೆ ಹಣ ವಾಪಸು ಕೇಳಿ ಜನ ನೆರೆಯಿತು. ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಬೆಳಗಾಗುವುದರೊಳಗೆ ಊರೆಲ್ಲ ಹರಡಿದ್ದೂ ಆಯಿತು. ಇಷ್ಟೆಲ್ಲ ಆದರೂ ಕಂಪನಿಯವರು ಆಟವನ್ನು ನಿಲ್ಲಿಸಲಿಲ್ಲ. ಮಂಗಳದವರೆಗೆ ಆಡಿಯೇ ಪರದೆ ಇಳಿಸಿದರು. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

ಠರಾವಿನ ಪರವಾಗಿ ಮಾತನಾಡಿದ ಮಿತ್ರರು ಎರಡು ವಾದಗಳನ್ನು ಹೂಡಿದರು. ಒಂದು, ಹಣ ಕೊಟ್ಟವರು ನಾವು, ಏನು ಕೇಳಬೇಕೆಂಬುದನ್ನು ನಾವೇ ಗೊತ್ತುಪಡಿಸಬೇಕು. ಎರಡು, ಬಣ್ಣ ಹಚ್ಚಿ ಕುಣಿಯುವವನಿಗೆ ರಾಜಕಾರಣ ಏನು ತಿಳಿದೀತು? ಎರಡನ್ನೂ ಒಂದೊಂದಾಗಿ ತೂಗಿ ನೋಡೋಣ.

ಮೊದಲು ಹಣದ ಮಾತು. ಗಿರಣಿಯ ಸಂಗಾತಿಗಳೆ, ಮಾಲಿಕರು ನಮಗೆ ಪಗಾರ ಕೊಡುತ್ತಾರೆ. ಆ ಪಗಾರಕ್ಕೆ ಅವರು ಕೊಂಡದ್ದು ಏನನ್ನು? ಎಂಟು ತಾಸಿನ ದುಡಿಮೆಯನ್ನು. ನಮ್ಮ ಮತವನ್ನಲ್ಲ, ನಮ್ಮ ನಾಲಗೆಯನ್ನಲ್ಲ. ಗೇಟಿನ ಹೊರಗೆ ನಿಂತು ನಾವು ಭಾಷಣ ಮಾಡಿದಾಗ, ‘ನಮ್ಮ ಅನ್ನ ತಿಂದು ನಮ್ಮನ್ನೇ ಬೈಯುತ್ತೀರಿ’ ಎಂದು ಮಾಲಿಕರು ಹೇಳುವುದುಂಟು. ಆಗ ನಾವು ಏನು ಉತ್ತರ ಕೊಡುತ್ತೇವೆ? ಕೆಲಸ ಪೂರಾ ಕೊಟ್ಟಿದ್ದೇವೆ, ಕೂಲಿ ತೆಗೆದುಕೊಂಡಿದ್ದೇವೆ, ಮಾತು ನಮ್ಮದು ಎನ್ನುತ್ತೇವೆ. ಈ ಒಂದು ಉತ್ತರದ ಮೇಲೆಯೇ ನಮ್ಮ ಸಂಘ ನಿಂತಿದೆ. ಈಗ ಅದೇ ಬಾಯಿಂದ ನಾಟಕದವನಿಗೆ, ‘ನಮ್ಮ ರೊಕ್ಕ ತಿಂದು ನಮ್ಮನ್ನೇ ಆಡುತ್ತೀಯಾ’ ಎಂದರೆ, ಆ ಡೇರೆಯೊಳಗೆ ಮಾಲಿಕರು ಯಾರಾದರು? ನಾವೇ ಆದೆವು. ಮೂರು ತಾಸಿನ ಮಟ್ಟಿಗೆ ಮಾಲಿಕರಾದ ಕೂಡಲೆ ಮಾಲಿಕರ ನ್ಯಾಯವೇ ನಮಗೆ ರುಚಿಸಿತು.

ನಾಟಕದವನೂ ಕೂಲಿಯವನೇ. ಬಣ್ಣದ ಕೆಳಗೆ ಬೆವರೇ ಇರುವುದು. ಹಗಲು ಮಲಗಿ ರಾತ್ರಿ ದುಡಿಯುವ ರಾತ್ರಿಪಾಳಿಯ ಕೆಲಸಗಾರ ಆತ. ಜಾತ್ರೆ ಮುಗಿದರೆ ಗುಳೆ, ಮಳೆ ಬಂದರೆ ಸಾಲ.

ಇನ್ನು ವರ್ತಕ ಬಂಧುಗಳಿಗೆ ಅವರ ವ್ಯಾಪಾರದ ಭಾಷೆಯಲ್ಲೇ ಹೇಳುತ್ತೇವೆ. ನಿಮ್ಮ ಅಂಗಡಿಯಲ್ಲಿ ಗಿರಾಕಿಯು ಎರಡು ಕಿಲೋ ಬೆಲ್ಲ ಕೊಂಡ. ತೂಕ ಸರಿಯಾಗಿ ಕೊಟ್ಟಿರಿ. ಮೇಲೆ ಒಂದು ಚೂರು ಕೊಸರು ಹಾಕಿದಿರಿ. ಆ ಕೊಸರು ಆತನ ಬಾಯಿಗೆ ಹಿಡಿಸಲಿಲ್ಲ. ಅಷ್ಟಕ್ಕೇ ಎರಡು ಕಿಲೋದ ಹಣ ಮರಳಿ ಕೊಡಿರಿ ಎಂದರೆ ಕೊಡುತ್ತೀರಾ? ಆಟವನ್ನು ಮಂಗಳದವರೆಗೆ ಆಡಿದರು ಎಂದೆವಲ್ಲ, ಅದು ತೂಕ. ಹಾಸ್ಯದವನ ಮಾತು ಕೊಸರು. ನಾಟಕ ಆಡುವ ಬದಲು ಆತ ಮೂರು ತಾಸು ಭಾಷಣವನ್ನೇ ಮಾಡಿದ್ದರೆ ಅದು ತೂಕದಲ್ಲಿ ಮೋಸ. ಆಗ ಹಣ ವಾಪಸು ಕೇಳುವವರಲ್ಲಿ ನಾವೇ ಮೊದಲಿಗರಾಗುತ್ತಿದ್ದೆವು. ಆದರೆ ಹಾಗೆ ಆಗಲಿಲ್ಲ.

‘ಅಂಗಡಿಯಲ್ಲಿ ಕೂತು ನಾವು ರಾಜಕಾರಣ ಆಡುವುದಿಲ್ಲ, ಗಿರಾಕಿ ತಪ್ಪೀತೆಂದು ಬಾಯಿ ಬಿಗಿಹಿಡಿಯುತ್ತೇವೆ. ಆತನೂ ಹಿಡಿಯಲಿ’ ಎಂದು ಒಬ್ಬ ವರ್ತಕ ಬಂಧುಗಳು ಹೇಳಿದರು. ಅದು ಪ್ರಾಮಾಣಿಕವಾದ ಮಾತು. ಆದರೆ ವಿಚಾರ ಮಾಡಿರಿ, ನೀವು ಬಾಯಿ ಬಿಗಿಹಿಡಿಯುವುದು ಧರ್ಮವೆಂದೋ, ಭಯದಿಂದಲೋ? ನಮಗಿರುವ ಭಯವನ್ನು ಇನ್ನೊಬ್ಬರಿಗೆ ಕಾಯಿದೆ ಮಾಡಬಹುದೆ?

ಈ ಜಗಳ ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಈ ದೇಶದಲ್ಲಿ ಟಿಕೀಟಿನ ನಾಟಕ ಎಷ್ಟು ಹಳೆಯದೋ ಈ ಜಗಳವೂ ಸುಮಾರು ಅಷ್ಟೇ ಹಳೆಯದು. 1872ರ ಡಿಸೆಂಬರ್ 7ರಂದು ಕಲ್ಕತ್ತೆಯಲ್ಲಿ ನ್ಯಾಷನಲ್ ಥಿಯೇಟರ್ ಎಂಬ ಮಂಡಳಿಯವರು ಸಾರ್ವಜನಿಕರಿಗೆ ಟಿಕೀಟು ಮಾರಿ ನಾಟಕ ಆಡಿದರು. ಅದಕ್ಕೆ ಮುಂಚೆ ಅಲ್ಲಿ ಬಂಗಾಳಿ ನಾಟಕವೆಂದರೆ ಬಹುಮಟ್ಟಿಗೆ ಜಮೀನುದಾರರ ಮನೆಯಂಗಳದ ವಿನೋದ. ದೊಡ್ಡವರು ಕರೆದವರಿಗೆ ಮಾತ್ರ ಪ್ರವೇಶ. ಹಣ ಕೊಟ್ಟ ಯಾರೂ ಒಳಗೆ ಬರಬಹುದು ಎಂದಾದ ಆ ಮೊದಲ ರಾತ್ರಿ ಅವರು ಆಡಿದ್ದು ಯಾವ ಆಟ? ದೀನಬಂಧು ಮಿತ್ರರ ‘ನೀಲ್ ದರ್ಪಣ್’. ಬಂಗಾಳದ ರೈತರಿಂದ ಬಲಾತ್ಕಾರವಾಗಿ ನೀಲಿ ಬೆಳೆಸುತ್ತಿದ್ದ ಬಿಳಿಯ ತೋಟಗಾರರ ಕ್ರೌರ್ಯವೇ ಅದರ ಕಥೆ. 1860ರಲ್ಲಿ ಅಚ್ಚಾದ ಈ ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ತಪ್ಪಿಗೆ ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ 1861ರಲ್ಲಿ ಒಂದು ತಿಂಗಳು ಸೆರೆವಾಸ, ಸಾವಿರ ರೂಪಾಯಿ ದಂಡ ಬಿದ್ದಿತ್ತು. ಎಂದರೆ, ಟಿಕೀಟಿನ ರಂಗಭೂಮಿ ಅಲ್ಲಿ ರಾಜಕಾರಣವನ್ನು ಮಡಿಲಲ್ಲಿ ಕಟ್ಟಿಕೊಂಡೇ ಹುಟ್ಟಿತು.

ಮೂರು ವರ್ಷ ಕಳೆದು 1875ರಲ್ಲಿ ಅದೇ ನಾಟಕವನ್ನು ಕಲ್ಕತ್ತೆಯ ಇನ್ನೊಂದು ಮಂಡಳಿಯವರು ಲಖನೌದಲ್ಲಿ ಆಡುತ್ತಿದ್ದರು. ರೈತನು ಬಿಳಿಯ ತೋಟಗಾರನನ್ನು ಹೊಡೆಯುವ ದೃಶ್ಯ ಬಂದಾಗ ಸಭೆಯಲ್ಲಿದ್ದ ಬಿಳಿಯರು ಕೆರಳಿ ರಂಗದ ಮೇಲೆಯೇ ನುಗ್ಗಿದರು. ಆಟ ಅಲ್ಲಿಗೇ ನಿಂತಿತು. ಆ ಮಂಡಳಿಯಲ್ಲಿದ್ದ ನಟಿ ಬಿನೋದಿನಿ ದಾಸಿ ತನ್ನ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಬರೆದಿಟ್ಟಿದ್ದಾಳೆ. ರಂಗಕ್ಕೆ ನುಗ್ಗಿದವರೂ ಪ್ರೇಕ್ಷಕರೇ ಆಗಿದ್ದರು ಎಂಬುದನ್ನು ಮರೆಯಬೇಡಿರಿ. ಶನಿವಾರ ರಾತ್ರಿ ನಾವು ಕುರ್ಚಿ ಬಡಿದೆವು. ಅವರು ಇನ್ನೆರಡು ಹೆಜ್ಜೆ ಮುಂದೆ ಹೋದರು, ಅಷ್ಟೇ ಅಂತರ.

ಮರುವರ್ಷ ಸರ್ಕಾರವೇ ಎದ್ದಿತು. ವೇಲ್ಸಿನ ರಾಜಕುಮಾರನು ಕಲ್ಕತ್ತೆಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲರು ಆತನನ್ನು ಮನೆಗೆ ಕರೆದು ಅಂತಃಪುರದ ಹೆಂಗಸರಿಂದ ಸ್ವಾಗತ ಮಾಡಿಸಿದರು. 1876ರ ಫೆಬ್ರವರಿಯಲ್ಲಿ ಇದನ್ನೇ ಹಿಡಿದು ಒಂದು ಪ್ರಹಸನ ಬಂದಿತು. ಜನ ನಕ್ಕರು, ಸರ್ಕಾರ ನಗಲಿಲ್ಲ. ಆ ತಿಂಗಳೇ ಸುಗ್ರೀವಾಜ್ಞೆ. ಡಿಸೆಂಬರಿನಲ್ಲಿ ನಾಟಕ ಪ್ರದರ್ಶನ ಕಾಯಿದೆ. ಸರ್ಕಾರದ ಮೇಲೆ ಜನರಿಗೆ ಅಪ್ರೀತಿ ಹುಟ್ಟಿಸಬಹುದಾದ ಆಟವನ್ನು ನಿಷೇಧಿಸುವ ಅಧಿಕಾರ ಸರ್ಕಾರಕ್ಕೆ ಬಂದಿತು. ನಿಷೇಧ ಮೀರಿ ಆಡಿದವರಿಗೆ ಮೂರು ತಿಂಗಳವರೆಗೆ ಜೈಲು. ಕೇಳಿರಿ ಬಂಧುಗಳೆ, ಶಿಕ್ಷೆ ಆಡಿದವರಿಗಷ್ಟೇ ಅಲ್ಲ: ನಿಷೇಧ ಗೊತ್ತಿದ್ದೂ ಬೇಕೆಂದೇ ಹೋಗಿ ಕೂತು ನೋಡಿದವನಿಗೂ ಅದೇ ಮೂರು ತಿಂಗಳು! ನಟನ ಬಾಯಿ ಕಟ್ಟಲು ಹೊರಟ ಕಾಯಿದೆ ಪ್ರೇಕ್ಷಕನ ಕಣ್ಣನ್ನೂ ಕಟ್ಟಿತು. ಆಡುವವನ ನಾಲಗೆಯೂ ಕೇಳುವವನ ಕಿವಿಯೂ ಒಂದೇ ಹಗ್ಗದ ಎರಡು ತುದಿಗಳೆಂದು ಆ ಬಿಳಿಯ ಸರ್ಕಾರಕ್ಕೆ ಗೊತ್ತಿತ್ತು. ನಮಗೆ ಏಕೆ ಗೊತ್ತಾಗಬಾರದು?

ಆ ಕಾಯಿದೆಯ ಕತ್ತಿಯ ಕೆಳಗೆ ನಟರು ಪುರಾಣದ ವೇಷ ಹಾಕಿಕೊಂಡರು. 1907ರಲ್ಲಿ ಖಾಡಿಲ್ಕರರ ‘ಕೀಚಕವಧ’ ಎಂಬ ಮರಾಠಿ ನಾಟಕ ರಂಗಕ್ಕೆ ಬಂದಿತು. ಕಥೆ ವಿರಾಟನ ಆಸ್ಥಾನದ್ದೇ. ಆದರೆ ನೋಡಿದವರಿಗೆ ಕೀಚಕನಲ್ಲಿ ಕಂಡದ್ದು ಬಂಗಾಳವನ್ನು ಎರಡು ಹೋಳು ಮಾಡಿದ ಕರ್ಜನ್ ಸಾಹೇಬ. ದ್ರೌಪದಿಯಲ್ಲಿ ಕಂಡದ್ದು ಭಾರತ. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ನಮ್ಮ ಧಾರವಾಡ, ಬೆಳಗಾವಿಗಳು ಆಗ ಅದೇ ಮುಂಬಯಿ ಪ್ರಾಂತದಲ್ಲಿದ್ದವು. ಕಂಪನಿ ನಾಟಕದ ಗಾಳಿ ಎರಡು ಭಾಷೆಗಳ ನಡುವೆ ತಡೆಯಿಲ್ಲದೆ ಬೀಸುತ್ತಿದ್ದ ಕಾಲ ಅದು.

ಬಿಳಿಯರು ಹೋದರು, ಕಾಯಿದೆ ಹೋಗಲಿಲ್ಲ. 1964ರಲ್ಲಿ ನಮ್ಮ ರಾಜ್ಯವೂ ತನ್ನದೇ ಒಂದು ನಾಟಕ ಪ್ರದರ್ಶನ ಕಾಯಿದೆ ಮಾಡಿಕೊಂಡಿತು. 1876ರ ಕಾಯಿದೆಯನ್ನು ದೆಹಲಿಯ ಪಾರ್ಲಿಮೆಂಟು ರದ್ದುಮಾಡಿದ್ದು ಯಾವಾಗ ಬಲ್ಲಿರಾ? 2018ರ ಜನವರಿಯಲ್ಲಿ ಆ ರದ್ದತಿಗೆ ಅಂಕಿತ ಬಿತ್ತು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ! ಅಷ್ಟು ಕಾಲ ಬದುಕಿದ ಆ ಹಳೆಯ ಹುಲಿಯನ್ನು ಇತ್ತೀಚೆಗೆ ಹೂತು ಬಂದಿದ್ದೇವೆ. ಈಗ ಅದರ ಚರ್ಮ ಹೊದ್ದು ನಾವೇ ಪುರಸಭೆಗೆ ಹೊರಟಿದ್ದೇವೆ, ‘ಇವರಿಗೆ ಜಾಗ ಕೊಡಬೇಡಿ’ ಎಂದು ಅರ್ಜಿ ಹಿಡಿದು.

‘ನಾವು ಜೈಲಿಗೆ ಹಾಕಿ ಎನ್ನುತ್ತಿಲ್ಲ, ಬರೀ ಜಾಗ ಬೇಡ, ಬರೀ ಹಣ ಬೇಡ ಎನ್ನುತ್ತೇವೆ’ ಎಂದು ನೀವು ಹೇಳಬಹುದು. ಹೊಟ್ಟೆಗೆ ಹೊಡೆದು ಬಾಯಿ ಮುಚ್ಚಿಸುವ ಈ ವಿದ್ಯೆ ಜೈಲಿಗಿಂತ ಸಣ್ಣದೇನಲ್ಲ. ಇದಕ್ಕೆ ಅಮೆರಿಕದ ಪಾಲ್ ರಾಬ್ಸನ್ನರ ಕಥೆಯನ್ನು ಹೇಳಬೇಕು.

ರಾಬ್ಸನ್ ನೀಗ್ರೋ ಜನಾಂಗದವರು. ಅವರ ತಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಮಗ ದೊಡ್ಡ ಗಾಯಕರಾದರು, ನಟರಾದರು. 1943ರಲ್ಲಿ ನ್ಯೂಯಾರ್ಕಿನ ಬ್ರಾಡ್ವೇಯಲ್ಲಿ ಷೇಕ್ಸ್‌ಪಿಯರನ ಒಥೆಲೋ ಆಗಿ ನಿಂತಾಗ ಆಟ ಸುಮಾರು ಮುನ್ನೂರು ರಾತ್ರಿ ನಡೆಯಿತು. ಹಾಡುತ್ತಿರುವವರೆಗೂ ಅಮೆರಿಕದ ಹಣವಂತರು ಅವರಿಗೆ ಚಪ್ಪಾಳೆ ತಟ್ಟಿದರು. ಆದರೆ ಅವರು ಕರಿಯರ ಹಕ್ಕಿನ ಬಗ್ಗೆ, ಕಾರ್ಮಿಕರ ಮುಷ್ಕರಗಳ ಬಗ್ಗೆ, ಶಾಂತಿಯ ಬಗ್ಗೆ ಬಾಯಿ ಬಿಟ್ಟರು. 1949ರಲ್ಲಿ ಪ್ಯಾರಿಸಿನ ಶಾಂತಿ ಸಮ್ಮೇಳನದಲ್ಲಿ ಆಡಿದ ಮಾತನ್ನು ಪತ್ರಿಕೆಗಳು ತಿರುಚಿ ಬರೆದವು. ಗೊತ್ತಾಗಿದ್ದ ಕಚೇರಿಗಳು ಒಂದರ ಹಿಂದೊಂದು ರದ್ದಾದವು. ಆ ವರ್ಷದ ಆಗಸ್ಟಿನಲ್ಲಿ ಪೀಕ್‌ಸ್ಕಿಲ್ ಎಂಬ ಊರಿನ ಬಳಿ ಅವರ ಹಾಡಿನ ಸಭೆಯನ್ನು ಪುಂಡರ ಗುಂಪು ನಡೆಯಗೊಡಲಿಲ್ಲ. ಸೆಪ್ಟೆಂಬರ್ 4ರಂದು ಮತ್ತೆ ಹಾಡಿದರು. ಆ ದಿನ ಕಾರ್ಮಿಕ ಸಂಘಗಳ ಸದಸ್ಯರು ಮೈದಾನದ ಸುತ್ತ ಭುಜಕ್ಕೆ ಭುಜ ಕೊಟ್ಟು ಬೇಲಿಯಾಗಿ ನಿಂತರು. ಹಾಡು ಮುಗಿಸಿ ಹೊರಟ ಜನರ ವಾಹನಗಳ ಮೇಲೆ ದಾರಿಯುದ್ದಕ್ಕೂ ಕಲ್ಲು ಬಿದ್ದವು. 1950ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟು ಕಿತ್ತುಕೊಂಡಿತು. ಒಳಗೆ ಸಭಾಗೃಹ ಕೊಡುವವರಿಲ್ಲ, ಹೊರಗೆ ಹೋಗಲು ಅಪ್ಪಣೆಯಿಲ್ಲ. ವರ್ಷಕ್ಕೆ ಲಕ್ಷ ಡಾಲರ್ ಸಂಪಾದಿಸುತ್ತಿದ್ದವರ ವರಮಾನ ಕೆಲವು ಸಾವಿರಕ್ಕೆ ಇಳಿಯಿತು.

ಆಗ ಅವರ ಕೈ ಹಿಡಿದವರು ಯಾರು? 1952ರ ಮೇ ತಿಂಗಳಲ್ಲಿ ಗಣಿ ಕಾರ್ಮಿಕರ ಸಂಘವು ಅಮೆರಿಕ ಕೆನಡಾಗಳ ಗಡಿಯಲ್ಲಿ ಸಭೆ ಕೂಡಿಸಿತು. ರಾಬ್ಸನ್ ಗಡಿ ದಾಟುವಂತಿಲ್ಲ. ಆದುದರಿಂದ ಗಡಿಯ ಈಚೆ ಒಂದು ಲಾರಿಯ ಮೇಲೆ ನಿಂತು ಆಚೆಯವರಿಗೂ ಕೇಳುವಂತೆ ಹಾಡಿದರು. 1957ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಕಲ್ಲಿದ್ದಲು ಗಣಿಯವರು ತಮ್ಮ ಸಂಗೀತೋತ್ಸವಕ್ಕೆ ಕರೆದರು. ಹೋಗುವುದು ಸಾಧ್ಯವಿಲ್ಲ. ಸಮುದ್ರದ ತಳದ ಟೆಲಿಫೋನ್ ತಂತಿಯಲ್ಲಿ ಅವರು ನ್ಯೂಯಾರ್ಕಿನಿಂದ ಹಾಡಿದರು, ಇವರು ಪೋರ್ಥ್‌ಕಾಲಿನಲ್ಲಿ ಕೂತು ಕೇಳಿದರು, ಮರಳಿ ತಾವೂ ಹಾಡಿದರು. 1958ರಲ್ಲಿ ನ್ಯಾಯಾಲಯದ ತೀರ್ಪು ಬಂದು ಪಾಸ್‌ಪೋರ್ಟು ವಾಪಸಾಯಿತು.

ರಾಬ್ಸನ್ನರ ಎಲ್ಲ ಮಾತನ್ನೂ ನಾವು ಒಪ್ಪುತ್ತೇವೆಯೆ? ಇಲ್ಲ. ಅವರು ಸ್ಟಾಲಿನ್ನನ ರಷ್ಯವನ್ನು ಹೊಗಳಿದರು. ಅಲ್ಲಿಯ ಸೆರೆಮನೆಗಳ ಬಗ್ಗೆ ಬಹಿರಂಗವಾಗಿ ಮಾತೆತ್ತಲಿಲ್ಲ. ಅದು ತಪ್ಪು ಎಂದೇ ನಮ್ಮ ಅಭಿಪ್ರಾಯ. ಆದರೆ ತಪ್ಪು ಮಾತಿಗೆ ಉತ್ತರ ಮಾತು. ಬೀಗ ಹಾಕಿದ ಸಭಾಗೃಹವಲ್ಲ. ಕಾರ್ಮಿಕರು ಅವರಿಗೆ ಬೇಲಿಯಾಗಿ ನಿಂತಾಗ ಅವರ ಪ್ರತಿಯೊಂದು ಮಾತಿಗೂ ರುಜು ಹಾಕಿ ನಿಲ್ಲಲಿಲ್ಲ.

ದೂರದ ಅಮೆರಿಕ ಬಿಡಿರಿ, ನಮ್ಮ ಮನೆಯ ಕಥೆಗೇ ಬರೋಣ. 1876ಕ್ಕೆ ಸರಿಯಾಗಿ ನೂರು ವರ್ಷ ಸೇರಿಸಿರಿ: 1976. ತುರ್ತು ಪರಿಸ್ಥಿತಿ. ಇಪ್ಪತ್ತಂಶದ ಕಾರ್ಯಕ್ರಮವನ್ನು ಹಾಡಿ ಹೊಗಳುವುದಕ್ಕೆ ದೆಹಲಿಯ ವಾರ್ತಾ ಇಲಾಖೆ ಸಿನಿಮಾದವರ ಸಹಕಾರ ಕೇಳಿತು. ಗಾಯಕ ಕಿಶೋರ್ ಕುಮಾರ್ ಒಲ್ಲೆ ಎಂದರು. ಮೇ ತಿಂಗಳಿನಿಂದ ಆಕಾಶವಾಣಿಯಲ್ಲೂ ದೂರದರ್ಶನದಲ್ಲೂ ಅವರ ಹಾಡುಗಳು ನಿಂತುಹೋದವು. ಇಲ್ಲಿ ಸ್ವಾರಸ್ಯ ನೋಡಿರಿ. ಕಲಾವಿದರಿಗೆ ರಾಜಕಾರಣ ಬೇಡ ಎಂದು ಉಪದೇಶ ಮಾಡುವ ಅಧಿಕಾರವೇ, ತನ್ನ ರಾಜಕಾರಣವನ್ನು ಅವರು ಹಾಡಲಿಲ್ಲವೆಂದು ಶಿಕ್ಷೆ ಕೊಟ್ಟಿತು. ಹಾಗಾದರೆ ಅವರಿಗೆ ಬೇಡವಾದದ್ದು ರಾಜಕಾರಣವಲ್ಲ, ತಮ್ಮದಲ್ಲದ ರಾಜಕಾರಣ.

ಅದೇ ಮೇ ತಿಂಗಳ 2ರಂದು ಬಂಧನಕ್ಕೊಳಗಾದವರು ಸ್ನೇಹಲತಾ ರೆಡ್ಡಿಯವರು. ಅನಂತಮೂರ್ತಿಯವರ ಕಾದಂಬರಿಯಿಂದ 1970ರಲ್ಲಿ ಬಂದ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದವರು. ರಂಗಭೂಮಿಯಲ್ಲಿ ಬೆಳೆದವರು, ಲೋಹಿಯಾ ಅವರ ವಿಚಾರಕ್ಕೆ ಒಲಿದವರು, ನಮ್ಮವರು. ಅವರನ್ನು ಹಿಡಿದದ್ದು ರಂಗದ ಮೇಲೆ ಆಡಿದ ಮಾತಿಗಾಗಿ ಅಲ್ಲ. ಜಾರ್ಜ್ ಫರ್ನಾಂಡಿಸರ ಭೂಗತ ಚಳವಳಿಯ ನಂಟಿಗಾಗಿ. ಬೆಂಗಳೂರಿನ ಸೆರೆಮನೆಯಲ್ಲಿ ಎಂಟು ತಿಂಗಳು ವಿಚಾರಣೆಯಿಲ್ಲದೆ ಇಟ್ಟರು. ಉಬ್ಬಸದ ರೋಗಿ. ಸ್ಥಿತಿ ಕೈಮೀರಿದ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ‘ನಟಿಗೆ ರಾಜಕಾರಣ ಏಕೆ’ ಎಂದು ಆಗಲೂ ಕೇಳಿದವರಿದ್ದಿರಬೇಕು. ಅವರ ನೆನಪಿಗೆ ತಲೆ ಬಾಗುವ ನಾವು ಅದೇ ಪ್ರಶ್ನೆಯನ್ನು ಒಬ್ಬ ಬಡ ಹಾಸ್ಯದವನಿಗೆ ಕೇಳಬಹುದೆ?

ಇನ್ನೊಂದನ್ನು ಹೇಳಿ ಈ ಪಟ್ಟಿ ಮುಗಿಸುತ್ತೇವೆ. 1989ರ ಜನವರಿ 1ರಂದು ದೆಹಲಿಯ ಹತ್ತಿರ ಸಾಹಿಬಾಬಾದಿನ ಝಂಡಾಪುರದಲ್ಲಿ ಸಫ್ದರ್ ಹಾಶ್ಮಿಯವರ ತಂಡ ಕಾರ್ಮಿಕರ ಕೇರಿಯಲ್ಲಿ ಬೀದಿನಾಟಕ ಆಡುತ್ತಿತ್ತು. ಅಲ್ಲಿ ಟಿಕೀಟೇ ಇರಲಿಲ್ಲ, ಆದುದರಿಂದ ‘ರೊಕ್ಕ ಕೊಟ್ಟವರು ನಾವು’ ಎನ್ನುವ ನೆಪವೂ ಇರಲಿಲ್ಲ. ಪುರಸಭೆಯ ಚುನಾವಣೆಯ ಕಾಲ. ಎದುರು ಪಕ್ಷದ ಗೂಂಡಾಗಳು ಬಂದು ಬಿದ್ದರು. ಒಬ್ಬ ಕಾರ್ಮಿಕ ಗುಂಡಿಗೆ ಬಲಿಯಾದ. ಹಾಶ್ಮಿ ಮರುದಿನ ಸತ್ತರು, ವಯಸ್ಸು 34. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಅದೇ ಜಾಗಕ್ಕೆ ತಂಡದೊಡನೆ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿ ಬಂದರು. ಅದೂ ಪುರಸಭೆಯ ಚುನಾವಣೆಯೇ, ನೋಡಿರಿ. ಕುರ್ಚಿ ಬಡಿಯುವುದಕ್ಕೂ ದೊಣ್ಣೆ ಎತ್ತುವುದಕ್ಕೂ ನಡುವೆ ಬಹಳ ದೂರವಿದೆ ಎಂದು ನಾವು ಭಾವಿಸುತ್ತೇವೆ. ದಾರಿ ಮಾತ್ರ ಒಂದೇ.

ಇನ್ನು ಎರಡನೆಯ ವಾದ: ಬಣ್ಣ ಹಚ್ಚಿದವನಿಗೆ ರಾಜಕಾರಣ ಏನು ತಿಳಿದೀತು? ಇದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ನಾವು ಒಪ್ಪುತ್ತೇವೆ. ಚೆನ್ನಾಗಿ ಹಾಡಬಲ್ಲವನಿಗೆ ಧಾರಣೆ, ತೆರಿಗೆ, ಕೂಲಿಗಳ ಲೆಕ್ಕ ತಿಳಿದಿರಲೇಬೇಕೆಂದಿಲ್ಲ. ಪರದೆಯ ಮೇಲೆ ಬಡವರ ಬಂಧುವಾದವನು ಪರದೆಯ ಹಿಂದೆ ಏನಾಗಿದ್ದಾನೋ ಬಲ್ಲವರಾರು? 1977ರಲ್ಲಿ ತಮಿಳುನಾಡಿನಲ್ಲಿ ಎಂ.ಜಿ.ಆರ್., 1983ರಲ್ಲಿ ಆಂಧ್ರದಲ್ಲಿ ಎನ್.ಟಿ.ಆರ್. ಮುಖ್ಯಮಂತ್ರಿಗಳಾದರು. ಅವರ ಆಡಳಿತವನ್ನು ಆಡಳಿತವಾಗಿಯೇ ತೂಗಬೇಕು. ಜನ ಹಾಗೆ ತೂಗದೆ, ಪಾತ್ರಕ್ಕೂ ಪಾತ್ರಧಾರಿಗೂ ಒಂದೇ ಆರತಿ ಎತ್ತಿದಾಗ ಪ್ರಜಾಪ್ರಭುತ್ವ ಸೊರಗುತ್ತದೆ. ಟಿಕೀಟಿನ ಜೊತೆಗೆ ಮತವನ್ನೂ ಹರಿದು ಕೊಡಬಾರದು.

ಆದರೆ ಉಳಿದ ಅರ್ಧ? ತಿಳಿದವರು ಮಾತ್ರ ಮಾತನಾಡಬೇಕೆಂದರೆ ಮೊದಲು ಬಾಯಿ ಮುಚ್ಚಬೇಕಾದವರು ನಾವೇ. ‘ನೂಲು ತೆಗೆಯುವವನಿಗೆ ಅರ್ಥಶಾಸ್ತ್ರ ಏನು ತಿಳಿದೀತು’ ಎಂದು ಕೇಳಿಯೇ ತಾನೆ ನಮ್ಮನ್ನು ಇಷ್ಟು ವರ್ಷ ಕೂರಿಸಿದ್ದು? ಪ್ರಜೆಯಾಗಲು ಬೇಕಾದ ಅರ್ಹತೆ ಒಂದೇ, ಮನುಷ್ಯನಾಗಿರುವುದು. ಹಾಸ್ಯದವನಿಗೂ ಒಂದು ಮತವಿದೆ, ನಮಗೂ ಒಂದು. ಆತನ ಮಾತಿಗೆ ಒಂದು ಮತದ ಬೆಲೆ ಕೊಡೋಣ, ಹೆಚ್ಚು ಬೇಡ, ಕಡಿಮೆಯೂ ಬೇಡ.

ಒಂದು ಮಾತನ್ನು ಮಾತ್ರ ಕೇಳಲೇಬೇಕು: ಈ ಅಭಿಪ್ರಾಯಕ್ಕೆ ಬೆಲೆ ತೆತ್ತವರಾರು? ಚುನಾವಣೆ ಬಂದಾಗ ತೆರೆದ ವಾಹನದಲ್ಲಿ ನಿಂತು ಕೈ ಬೀಸುವ ತಾರೆಯರನ್ನು ನೋಡಿದ್ದೇವೆ. ಆಡಿದವನಿಗೆ ಹಣ ಬಂದ ಅಭಿಪ್ರಾಯ ಒಂದು ಬಗೆ; ಆಡಿದವನ ಹಣ ಹೋದ ಅಭಿಪ್ರಾಯ ಇನ್ನೊಂದು ಬಗೆ. ಮೊದಲನೆಯದು ಜಾಹೀರಾತು, ಎರಡನೆಯದು ನಂಬಿಕೆ. ನಂಬಿಕೆಯೂ ತಪ್ಪಾಗಿರಬಹುದು, ಆದರೆ ಅದು ಬಾಡಿಗೆಯದಲ್ಲ. ಶನಿವಾರದ ರಾತ್ರಿ ಆ ಹಾಸ್ಯದವನಿಗೆ ಬಂದದ್ದೇನು? ಮಾಲಿಕರು ಆತನಿಗೆ ಹಣ ಕೊಟ್ಟಿದ್ದಾರೆಂದು ಒಬ್ಬರು ಹೇಳಿದರು. ಮಾಲಿಕರನ್ನೂ ಆತ ಬಿಡಲಿಲ್ಲವಲ್ಲ! ಊರಿನ ಎಲ್ಲ ಬಲಗಳನ್ನೂ ಒಂದೇ ರಾತ್ರಿ ಎದುರು ಹಾಕಿಕೊಂಡವನನ್ನು ಬಾಡಿಗೆಯವನೆನ್ನುವುದು ಹೇಗೆ?

ಈಗ ನಮ್ಮ ಮನಸ್ಸಿನೊಳಗೇ ಒಂದಿಷ್ಟು ಇಣುಕಿ ನೋಡೋಣ. 1982ರಲ್ಲಿ ಗೋಕಾಕ್ ವರದಿಯ ಚಳವಳಿ ನಡೆದಾಗ ಡಾ. ರಾಜಕುಮಾರರು ಬೀದಿಗೆ ಇಳಿದರು. ಊರೂರಿಗೆ ಹೋಗಿ ಕನ್ನಡದ ಪರವಾಗಿ ಮಾತನಾಡಿದರು. ‘ನಟನೆ ಮಾಡಿಕೊಂಡಿರಿ, ನಿಮಗೇಕೆ ಸರ್ಕಾರದ ಭಾಷಾನೀತಿ’ ಎಂದು ಅಂದು ನಾವು ಕೇಳಿದೆವೆಯೆ? ಇಲ್ಲ, ಹೂಮಾಲೆ ಹಾಕಿದೆವು. ಏಕೆಂದರೆ ಆ ಮಾತು ನಮಗೆ ಹಿತವಾಗಿತ್ತು. ಶನಿವಾರವೂ ಹಾಗೆಯೇ. ಶಾಸಕರನ್ನು ಆಡಿದಾಗ ಕಲೆ, ಮಂತ್ರಿಗಳನ್ನು ಆಡಿದಾಗ ಧೈರ್ಯ, ಮಾಲಿಕರನ್ನು ಆಡಿದಾಗ ವನ್ಸ್ ಮೋರ್. ನಮ್ಮನ್ನು ಆಡಿದಾಗ ರಾಜಕಾರಣ! ಹಿತವಾದದ್ದು ಕಲೆ, ಕಹಿಯಾದದ್ದು ರಾಜಕಾರಣ ಎಂಬ ಈ ನಿಘಂಟನ್ನು ಅಧಿಕಾರದಲ್ಲಿರುವವರು ಬರೆದದ್ದು. ನಾವು ಅದನ್ನು ಕೊಂಡು ಓದುವುದು ಬೇಡ.

ಹಾಗಾದರೆ ಪ್ರೇಕ್ಷಕನಿಗೆ ಯಾವ ಹಕ್ಕೂ ಇಲ್ಲವೆ? ಧಾರಾಳವಾಗಿ ಇದೆ. ದಿನವೆಲ್ಲ ದುಡಿದು ಬಂದವನಿಗೆ ಎರಡು ಗಳಿಗೆ ನಕ್ಕು ಹೋಗಬೇಕೆಂಬ ಆಸೆ ತಪ್ಪಲ್ಲ. ಮಾತು ಹಿಡಿಸದಿದ್ದರೆ ಚಪ್ಪಾಳೆ ತಟ್ಟಬೇಡಿರಿ. ಎದ್ದು ಹೋಗಿರಿ. ನಾಳೆ ಬರಬೇಡಿರಿ, ಅದು ನಿಮ್ಮ ನಿಮ್ಮ ಇಚ್ಛೆ. ಆಟ ಮುಗಿದ ಮೇಲೆ ಹೋಗಿ ಆತನನ್ನು ಪ್ರಶ್ನಿಸಿರಿ. ಈ ಪತ್ರಿಕೆಗೆ ಬರೆಯಿರಿ. ಸುಳ್ಳು ಹೇಳಿದ್ದರೆ ಸುಳ್ಳೆಂದು ತೋರಿಸಿರಿ. ಜಾತಿ ಹಿಡಿದು ಹೀನಾಯ ಮಾಡಿದರೆ, ಹೆಣ್ಣುಮಕ್ಕಳ ಮಾನ ಕಳೆದರೆ ರಂಗವು ಗುರಾಣಿಯಾಗದು. ಅದಕ್ಕೆ 1876ರ ಕಾಯಿದೆ ಬೇಕಿಲ್ಲ, ನಾಡಿನ ಸಾಮಾನ್ಯ ಕಾನೂನೇ ಇದೆ. ಆದರೆ ನಾವು ಕೇಳಲೊಲ್ಲೆವಾದ್ದರಿಂದ ಯಾರೂ ಕೇಳಕೂಡದು ಎಂಬ ಹಕ್ಕು ಟಿಕೀಟಿನ ಜೊತೆಗೆ ಬರುವುದಿಲ್ಲ. ಪಕ್ಕದ ಕುರ್ಚಿಯವನೂ ಹಣ ಕೊಟ್ಟೇ ಬಂದಿದ್ದಾನೆ.

ಕೊನೆಯದಾಗಿ ಹೇಳಲು ಕಷ್ಟವಾದ ಮಾತು. ಆತ ಆಡಿದ್ದು ಸುಳ್ಳೆ? ನಮ್ಮ ಸಂಘದ ಚಂದಾ ಲೆಕ್ಕವನ್ನು ಮಹಾಸಭೆಯ ಮುಂದೆ ಓದಿ ಮೂರು ವರ್ಷವಾಯಿತು. ಹಣ ಎಲ್ಲಿಯೂ ಹೋಗಿಲ್ಲ ಎಂದು ನಮಗೆ ಗೊತ್ತು. ಆದರೆ ನಮಗೆ ಗೊತ್ತಿದ್ದರೆ ಸಾಕೆ? ಚಂದಾ ಕೊಟ್ಟವನಿಗೆ ಗೊತ್ತಿರಬೇಡವೆ? ‘ಹಣ ಕೊಟ್ಟವರು ನಾವು’ ಎಂದು ಡೇರೆಯಲ್ಲಿ ಕೂಗಿದೆವಲ್ಲ, ಆ ಮಾತು ನಿಜವಾಗಿ ಸಲ್ಲಬೇಕಾದ ಸ್ಥಳ ನಮ್ಮ ಸಂಘದ ಕಚೇರಿ. ಪೇಟೆಯ ತಕ್ಕಡಿಯ ಮಾತನ್ನು ವರ್ತಕ ಬಂಧುಗಳೇ ತಮ್ಮಲ್ಲಿ ಕೇಳಿಕೊಳ್ಳಲಿ. ನೂರಕ್ಕೆ ತೊಂಬತ್ತು ಜನ ಪ್ರಾಮಾಣಿಕರಿದ್ದರೆ, ಉಳಿದ ಹತ್ತು ಜನರಿಂದ ಕೆಟ್ಟ ಹೆಸರು ಬರುವುದು ಆ ತೊಂಬತ್ತು ಜನರಿಗೇ.

ಆದುದರಿಂದ ಈ ಠರಾವನ್ನು ಹಿಂತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಅದರ ಜಾಗದಲ್ಲಿ ಮೂರು ಸೂಚನೆಗಳನ್ನು ಸಭೆಯ ಮುಂದಿಡುತ್ತೇವೆ. ಒಂದು, ಹದಿನೈದು ದಿನದೊಳಗೆ ಸಂಘದ ಮೂರು ವರ್ಷದ ಲೆಕ್ಕವನ್ನು ಗಿರಣಿಯ ಗೇಟಿನಲ್ಲಿ ಹಚ್ಚಬೇಕು. ಎರಡು, ಗಿರಾಕಿಯು ತಾನೇ ತೂಗಿ ನೋಡುವುದಕ್ಕೆ ವರ್ತಕರ ಸಂಘವು ಪೇಟೆಯ ನಡುವೆ ಒಂದು ತಕ್ಕಡಿ ಇಡಬೇಕು. ಮೂರು, ಲೆಕ್ಕ ಓದುವ ಸಭೆಗೆ ಆ ಹಾಸ್ಯದವನನ್ನೂ ಕರೆಯಬೇಕು. ಬಂದು ಪೆಟ್ಟಿಗೆಯ ತಳ ನೋಡಲಿ. ನೋಡಿದ ಮೇಲೆ ರಂಗದ ಮೇಲೆ ಏನು ಹೇಳುವುದೋ ಅದು ಆತನಿಗೆ ಬಿಟ್ಟದ್ದು.

ಬಂಧುಗಳೆ, ನಾಳೆ ನಮ್ಮ ಮುಷ್ಕರದ ದಿನ ಬಂದಾಗ, ಊರಿನ ದೊಡ್ಡವರೆಲ್ಲ ನಮ್ಮ ಎದುರು ನಿಂತಾಗ, ಡೇರೆಯೊಳಗೆ ನಮ್ಮ ಪರವಾಗಿ ಒಂದು ಮಾತು ಆಡಲು ಯಾರಿಗಾದರೂ ಧೈರ್ಯ ಬರಬೇಕಾದರೆ, ಇಂದು ನಮ್ಮ ವಿರುದ್ಧ ಆಡಿದವನ ಧೈರ್ಯವನ್ನು ನಾವು ಮುರಿಯಬಾರದು.

ಕೈ ಎತ್ತುವ ಮುಂಚೆ ಇಷ್ಟನ್ನು ನೆನೆಯಿರಿ.